ಚಾಕು ಮೇಲೆ ಲೇಸರ್ ಗುರುತು, ಒರೆಗೆ ಲೇಸರಲ್ಲಿ ಕತ್ತರಿಸಿದ ಚರ್ಮ: ಹದ ಹೋಗುತ್ತಾ, ತುಕ್ಕು ಯಾಕೆ, ಹೊಗೆ ಎಷ್ಟು ಅಪಾಯ?

ಪ್ರಶ್ನೆ: ನನ್ನ ಹತ್ರ 10 ವ್ಯಾಟ್ ಡಯೋಡ್ ಲೇಸರ್ ಎನ್‌ಗ್ರೇವರ್ ಇದೆ, ಸುತ್ತ ಡಬ್ಬ ಇಲ್ಲದ ಓಪನ್ ಫ್ರೇಮ್ ಮೆಷಿನ್. ಕೈಯಲ್ಲೇ ಚಾಕು ಮಾಡೋ ಸ್ನೇಹಿತರೊಬ್ರು ಬ್ಲೇಡ್ ಮೇಲೆ ಅವರ ಗುರುತು ಹಾಕ್ಕೊಡು, ಒರೆಗೆ ಚರ್ಮಾನೂ ಕತ್ತರಿಸಿಕೊಡು ಅಂತ ಕೇಳಿದಾರೆ. ಒಂದು ಸ್ಟೇನ್‌ಲೆಸ್ ಬ್ಲೇಡ್ ಮೇಲೆ ಟ್ರೈ ಮಾಡ್ದೆ, ಕಪ್ಪು ಅಕ್ಷರ ಚೆನ್ನಾಗೇ ಬಂತು, ಆದ್ರೆ ಕೆಲವು ದಿನ ಆದ್ಮೇಲೆ ಅಕ್ಷರದ ಒಳಗೇ ಕಂದು ಚುಕ್ಕೆ ಕಾಣಿಸ್ಕೊಳ್ತು. ಲೇಸರ್ ಬಿದ್ರೆ ಬ್ಲೇಡಿನ ಹದಾನೇ ಹೋಗುತ್ತೆ, ಚಾಕು ಕೆಲಸಕ್ಕೆ ಬರಲ್ಲ ಅಂತ ಇನ್ನೊಬ್ರು ಹೆದರಿಸಿದಾರೆ. ಚರ್ಮದ ವಿಷಯಾನೂ ಹಂಗೇ, ಒಂದು ತುಂಡು ನೀಟಾಗಿ ಕಟ್ ಆಗುತ್ತೆ, ಇನ್ನೊಂದು ಸುರುಟಿಕೊಂಡು ಕರ್ರಗೆ ಸುಟ್ಟು ಹೋಗುತ್ತೆ, ಮನೆಯೆಲ್ಲಾ ಕೂದಲು ಸುಟ್ಟ ವಾಸನೆ, ಮನೆಯವರಿಗೆ ಗಂಟಲು ಕೆರೆತ. ಮೆಷಿನ್ ಜೊತೆ ಬಂದಿರೋ ಹಸಿರು ಕನ್ನಡಕ ಸಾಕಾ? ಫೈಬರ್ ಲೇಸರ್ ತಗೊಂಡ್ರೆ ಇದೆಲ್ಲಾ ಸರಿಹೋಗುತ್ತಾ?

ಉತ್ತರ: ನೀವು ಕೇಳಿರೋದೆಲ್ಲಾ ಸರಿಯಾದ ಪ್ರಶ್ನೆಗಳೇ, ಆದ್ರೆ ಭಯದ ಕ್ರಮ ಮಾತ್ರ ತಲೆಕೆಳಗಾಗಿದೆ. ಹದ ಮೊದಲಿಗೆ ಬಂದಿದೆ, ಕನ್ನಡಕ ಕೊನೇಲಿ ಒಂದು ಸಾಲು. ನಾನಾದ್ರೆ ಕಣ್ಣನ್ನ ಮೊದ್ಲು ಇಡ್ತೀನಿ, ಆಮೇಲೆ ಚರ್ಮದ ಹೊಗೆ, ಆಮೇಲೆ ತುಕ್ಕು, ಹದ ಎಲ್ಲಕ್ಕಿಂತ ಕೊನೆಗೆ. ಆದ್ರೂ ಹದದಿಂದಲೇ ಶುರು ಮಾಡ್ತೀನಿ, ಯಾಕಂದ್ರೆ ಆ ಭಯ ತಲೇಲಿ ಕೂತಿರೋವರೆಗೂ ಉಳಿದಿದ್ದು ಯಾವುದೂ ಕಿವಿಗೆ ಬೀಳಲ್ಲ. ಈ ಕೆಲಸಕ್ಕೆ ಬರೋ ಎಲ್ರೂ ಮೊದ್ಲು ಕೇಳೋದೂ ಅದನ್ನೇ.

ಚಾಕು ಉಕ್ಕನ್ನ 800 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯಿಸಿ (ಸ್ಟೇನ್‌ಲೆಸ್ ಆದ್ರೆ 1000 ದಾಟಿಸಿ) ಸರ್ರನೆ ತಣ್ಣಗೆ ಮಾಡ್ತಾರೆ, ಆಗ ಅದು ಗಾಜಿನ ಥರ ಗಟ್ಟಿ, ಬಿದ್ರೆ ಒಡೆಯುತ್ತೆ. ಆಮೇಲೆ ಸಾಮಾನ್ಯವಾಗಿ 150ರಿಂದ 250 ಡಿಗ್ರಿ ಒಳಗೆ ಒಂದೆರಡು ಗಂಟೆ ಇಟ್ಟು ಆ ಬಿರುಸನ್ನ ಸ್ವಲ್ಪ ಇಳಿಸ್ತಾರೆ, ಹದ ಅಂದ್ರೆ ಇದು. ಹಿಂಗೆ ಹದ ಕೊಟ್ಟ ಬಿಸಿಗಿಂತ ಹೆಚ್ಚಿಗೆ ಮತ್ತೆ ಕಾಯಿಸಿದ್ರೆ ಉಕ್ಕು ಮೆತ್ತಗಾಗುತ್ತೆ, ಅದು ನಿಜ. ಲೇಸರ್ ಬಿದ್ದ ಜಾಗ ನೂರಾರು ಡಿಗ್ರಿ ಮುಟ್ಟುತ್ತೆ, ಅದೂ ನಿಜ, ಆ ಕಪ್ಪು ಅಕ್ಷರವೇ ಅದಕ್ಕೆ ಸಾಕ್ಷಿ. ನಿಮ್ಮನ್ನ ಹೆದರಿಸಿದವರು ಈ ಎರಡು ನಿಜಾನ ಸೇರಿಸಿ ಒಂದು ಸುಳ್ಳು ಮಾಡಿದಾರೆ. ಯಾಕಂದ್ರೆ ಆ ಬಿಸಿ ಮೇಲ್ಮೈಯಿಂದ ಕೆಳಗೆ ಇಳಿಯೋದು ಕೆಲವು ಮೈಕ್ರಾನ್, ತುಂಬಾ ಅಂದ್ರೆ ಕೆಲವು ಹತ್ತು ಮೈಕ್ರಾನ್. ಬ್ಲೇಡಿನ ಬೆನ್ನು ಕಡೆ ದಪ್ಪ 2ರಿಂದ 4 ಮಿಲಿಮೀಟರ್, ಅಂದ್ರೆ 2000ದಿಂದ 4000 ಮೈಕ್ರಾನ್. ಕೆಳಗಿರೋ ಅಷ್ಟೂ ತಣ್ಣನೆ ಉಕ್ಕು ಆ ಬಿಸೀನ ಕ್ಷಣದಲ್ಲಿ ಎಳ್ಕೊಂಡುಬಿಡುತ್ತೆ. ಚಾಕು ಕತ್ತರಿಸೋದು ಅಂಚಿಂದ, ಅಕ್ಷರ ಬರೆದ ಪಕ್ಕೆಯಿಂದಲ್ಲ, ಹಾಗಾಗಿ ಪಕ್ಕೆಯಲ್ಲಿ ಮೇಲುಪದರ ಸ್ವಲ್ಪ ಮೆತ್ತಗಾದ್ರೂ ಹರಿತಕ್ಕೆ ಏನೂ ಆಗಲ್ಲ.

ಹಾಗಂತ ಎಲ್ಲಿ ಬೇಕಾದ್ರೂ ಹೊಡೀಬಹುದು ಅಂತಲ್ಲ. ಅಂಚಿನ ಹಿಂದುಗಡೆ ಉಕ್ಕು 0.2ರಿಂದ 0.5 ಮಿಲಿಮೀಟರ್ ಇರುತ್ತೆ ಅಷ್ಟೇ, ಅಲ್ಲಿ ಬಿಸಿ ಓಡಿಹೋಗೋಕೆ ಜಾಗಾನೇ ಇಲ್ಲ. ಗುರುತು ಹಿಡಿ ಹತ್ರ, ಬೆನ್ನಿನ ಕಡೆ ಇರ್ಲಿ, ಅಂಚಿಂದ ಕಡಿಮೆ ಅಂದ್ರೂ 8ರಿಂದ 10 ಮಿಲಿಮೀಟರ್ ದೂರ. ಇನ್ನೊಂದು, ತೆಳು ಅಡುಗೆ ಚಾಕು ಮೇಲೆ ಬರೀ ಗೆರೆ ಬಿಟ್ಟು ದೊಡ್ಡ ಲೋಗೋನ ಪೂರ್ತಿ ತುಂಬಿಸಿ, ಸ್ಲೋ ಸ್ಪೀಡಲ್ಲಿ, ಮೂರು ನಾಲ್ಕು ಪಾಸ್ (ಅದೇ ಜಾಗದ ಮೇಲೆ ಲೇಸರ್ ಒಂದು ಸಲ ಪೂರ್ತಿ ಓಡಿದ್ರೆ ಒಂದು ಪಾಸ್) ಹೊಡೆದ್ರೆ ಬ್ಲೇಡ್ ಒಟ್ಟಾರೆಯಾಗಿ ಕಾಯೋಕೆ ಶುರುವಾಗುತ್ತೆ. ಇದಕ್ಕೆ ಒಂದು ಸುಲಭದ ಪರೀಕ್ಷೆ ಇದೆ. ಪಾಸ್ ಮುಗಿದ ತಕ್ಷಣ ಮೆಷಿನ್ ಆಫ್ ಮಾಡಿ, ಬ್ಲೇಡಿನ ಹಿಂಬದಿ, ಅಂದ್ರೆ ಗುರುತಿನ ಸರಿಯಾಗಿ ಆಚೆ ಬದಿ, ಮೊದ್ಲು ಹಗುರವಾಗಿ ತಟ್ಟಿ ನೋಡಿ ಆಮೇಲೆ ಬೆರಳಿಡಿ. ಬೆರಳು ಆರಾಮಾಗಿ ಇಟ್ಟುಕೊಳ್ಳೋಕಾದ್ರೆ ಅಲ್ಲಿ 50 ಡಿಗ್ರಿ ಆಸುಪಾಸು ಅಷ್ಟೇ, ಹದ ಕೆಡೋ ಬಿಸಿ ಅದಕ್ಕಿಂತ ತುಂಬಾ ದೂರ ಇದೆ. ಇಡೋಕಾಗ್ಲಿಲ್ಲ ಅಂದ್ರೆ ತಣ್ಣಗಾಗೋಕೆ ಬಿಡಿ, ಆಮೇಲೆ ಮುಂದಿನ ಪಾಸ್. ಕಣ್ಣಿಗೆ ಕಾಣೋ ಗುರುತೂ ಒಂದಿದೆ: ಅಕ್ಷರದ ಸುತ್ತ ಒಣಹುಲ್ಲಿನ ಹಳದಿ, ಅದರಾಚೆ ನೀಲಿ ಛಾಯೆ ಹರಡಿದ್ರೆ ಎಚ್ಚರ. ಕಾರ್ಬನ್ ಸ್ಟೀಲಲ್ಲಿ (ಸ್ಟೇನ್‌ಲೆಸ್ ಅಲ್ಲದ, ತುಕ್ಕು ಹಿಡಿಯೋ ಚಾಕು ಉಕ್ಕು) ಆ ಹಳದಿ ಬರೋದು ಸುಮಾರು 220 ಡಿಗ್ರೀಲಿ, ನೀಲಿ ಸುಮಾರು 300ರಲ್ಲಿ. ಅಕ್ಷರದ ಗೆರೆ ಒಳಗೇ ಇದ್ರೆ ಪರವಾಗಿಲ್ಲ, ಗೆರೆಯಾಚೆ ಮಿಲಿಮೀಟರ್‌ಗಟ್ಟಲೆ ಹರಡ್ತಾ ಇದ್ರೆ ನೀವು ಗುರುತು ಹಾಕ್ತಿಲ್ಲ, ಬ್ಲೇಡ್ ಕಾಯಿಸ್ತಾ ಇದೀರ.

ಈಗ ತುಕ್ಕಿಗೆ ಬರ್ತೀನಿ, ನಿಮಗೆ ನಿಜವಾಗ್ಲೂ ಆಗಿರೋ ತೊಂದ್ರೆ ಇದೇ, ಇದರ ಬಗ್ಗೆ ವಿಡಿಯೋಗಳಲ್ಲಿ ಬಾಯಿ ಬಿಡೋರು ಕಮ್ಮಿ, ಯಾಕಂದ್ರೆ ವಿಡಿಯೋ ಮುಗಿಯೋ ಹೊತ್ತಿಗೆ ಗುರುತು ಹೊಳೀತಾ ಇರುತ್ತೆ, ತುಕ್ಕು ಬರೋದು ಆಮೇಲೆ.

ಸ್ಟೇನ್‌ಲೆಸ್ ಅನ್ನಿಸಿಕೊಳ್ಳೋಕೆ ಉಕ್ಕಲ್ಲಿ ಕನಿಷ್ಠ 10.5 ಪರ್ಸೆಂಟ್ ಕ್ರೋಮಿಯಂ ಬೇಕು. ಆ ಕ್ರೋಮಿಯಂ ಗಾಳಿಯ ಆಮ್ಲಜನಕದ ಜೊತೆ ಸೇರಿ ಮೇಲೆ ಒಂದು ಪೊರೆ ಕಟ್ಟುತ್ತೆ, ದಪ್ಪ ಬರೀ ಕೆಲವು ನ್ಯಾನೋಮೀಟರ್, ತುಕ್ಕು ತಡೆಯೋದು ಅದೊಂದೇ. ಡಯೋಡ್ ಲೇಸರ್ ಉಕ್ಕನ್ನ ಕೊರೆಯಲ್ಲ, ಕೊರೆಯೋ ಶಕ್ತಿ ಅದಕ್ಕಿಲ್ಲ. ಅದು ಮಾಡೋದು ಇಷ್ಟೇ, ಮೇಲ್ಮೈಯನ್ನ ಕಾಯಿಸಿ ಆ ತೆಳು ಪೊರೆ ಇದ್ದ ಕಡೆ ದಪ್ಪ ಆಕ್ಸೈಡ್ ಪದರ ಬೆಳೆಸುತ್ತೆ, ನಿಮಗೆ ಕಾಣೋ ಕಪ್ಪು ಬಣ್ಣ ಅದೇ. ಆ ದಪ್ಪ ಪದರ ಬೆಳೆಯುವಾಗ ಕೆಳಗಿನ ಉಕ್ಕಿಂದ ಕ್ರೋಮಿಯಂ ಎಳ್ಕೊಳ್ಳುತ್ತೆ, ತಣ್ಣಗಾಗುವಾಗ ಅದರಲ್ಲಿ ಕಣ್ಣಿಗೆ ಕಾಣದ ಬಿರುಕು ಬೀಳುತ್ತೆ. ಈಗ ಬಿರುಕಿನ ಕೆಳಗೆ ಕ್ರೋಮಿಯಂ ಕಮ್ಮಿಯಾದ ಉಕ್ಕು, ಮೇಲಿಂದ ನೀರು, ಉಪ್ಪು, ನಿಂಬೆ ರಸ, ಬೆವರು. ನೀವು ನೋಡಿದ ಕಂದು ಚುಕ್ಕೆ ಇದು. ಅಕ್ಷರ ಇನ್ನೂ ಕಪ್ಪಾಗ್ಲಿ ಅಂತ ಪಾಸ್ ಮೇಲೆ ಪಾಸ್ ಹೊಡೆದಷ್ಟೂ ಇದು ಜಾಸ್ತಿ ಆಗುತ್ತೆ, ಹಾಗಾಗಿ ಕಡು ಕಪ್ಪಿನ ಆಸೆ ಸ್ವಲ್ಪ ಬಿಡಿ, ಗಾಢ ಬೂದು ಬಂದ್ರೆ ಅಲ್ಲಿಗೆ ನಿಲ್ಸಿ.

ಚಾಕು ಉಕ್ಕಿಗೆ ಇನ್ನೊಂದು ತೊಡಕಿದೆ, ಇದು ಪಾತ್ರೆ ಸ್ಟೀಲ್ ಮೇಲೆ ಗುರುತು ಹಾಕಿ ಅಭ್ಯಾಸ ಇರೋರಿಗೆ ಗೊತ್ತಿರಲ್ಲ. ಗಟ್ಟಿತನಕ್ಕೆ ಅಂತ ಚಾಕು ಉಕ್ಕಲ್ಲಿ ಕಾರ್ಬನ್ ಜಾಸ್ತಿ ಇರುತ್ತೆ, ಆ ಕಾರ್ಬನ್ ಹೋಗಿ ಕ್ರೋಮಿಯಂನ ಒಂದು ಭಾಗಾನ ಕಾರ್ಬೈಡ್ ಕಣಗಳ ಒಳಗೆ ಕಟ್ಟಿಹಾಕಿಬಿಡುತ್ತೆ, ಪೊರೆ ಕಟ್ಟೋಕೆ ಸಿಗೋದು ಉಳಿದಿದ್ದು ಮಾತ್ರ. ಡಿ2 ಅನ್ನೋ ಉಕ್ಕನ್ನೇ ತಗೊಳ್ಳಿ, ಕೈ ಚಾಕು ಮಾಡೋರಿಗೆ ತುಂಬಾ ಇಷ್ಟ, ಅದರಲ್ಲಿ ಸುಮಾರು 12 ಪರ್ಸೆಂಟ್ ಕ್ರೋಮಿಯಂ ಇದೆ, ಲೆಕ್ಕದಲ್ಲಿ ಸ್ಟೇನ್‌ಲೆಸ್ ಆಗ್ಬೇಕು, ಆದ್ರೆ ಕಾರ್ಬನ್ ಸುಮಾರು 1.5 ಪರ್ಸೆಂಟ್ ಇರೋದ್ರಿಂದ ಅದು ಅರ್ಧಂಬರ್ಧ ಸ್ಟೇನ್‌ಲೆಸ್ ಅಷ್ಟೇ. ಅದರ ಮೇಲೆ ಲೇಸರ್ ಬಿದ್ರೆ ತುಕ್ಕಿಗೆ ಬಾಗಿಲು ತೆಗೆದಂಗೆ. ಹಾಗಾಗಿ ನಿಮ್ಮ ಸ್ನೇಹಿತರನ್ನ ಮೊದ್ಲು ಕೇಳ್ಬೇಕಾದ್ದು ಲೋಗೋ ಫೈಲ್ ಅಲ್ಲ, ಇದು ಯಾವ ಉಕ್ಕು ಅಂತ.

ಪರಿಹಾರ ಇದೆ. ಗುರುತು ಹಾಕಿದ ಮೇಲೆ ಸೋಪು ನೀರಲ್ಲಿ ಚೆನ್ನಾಗಿ ಉಜ್ಜಿ ತೊಳೆದು, ಜಿಡ್ಡು ಪೂರ್ತಿ ಹೋದ್ಮೇಲೆ, ಸಿಟ್ರಿಕ್ ಆಸಿಡ್ ದ್ರಾವಣ ಹಾಕ್ಬೇಕು, 4ರಿಂದ 10 ಪರ್ಸೆಂಟ್, ಅಂದ್ರೆ 100 ಗ್ರಾಂ ದ್ರಾವಣದಲ್ಲಿ 4ರಿಂದ 10 ಗ್ರಾಂ ಪುಡಿ. 50ರಿಂದ 60 ಡಿಗ್ರಿ ಬಿಸಿ ಇದ್ರೆ 10 ನಿಮಿಷ ಸಾಕು, ತಣ್ಣನೆ ದ್ರಾವಣ ಆದ್ರೆ 20 ನಿಮಿಷಕ್ಕೆ ಕಮ್ಮಿ ಬೇಡ. ಇದು ಮೇಲಿನ ಬಿಡಿ ಕಬ್ಬಿಣಾನ ಕರಗಿಸುತ್ತೆ, ಕ್ರೋಮಿಯಂ ಹಾಗೇ ಉಳಿದು ಪೊರೆ ಮತ್ತೆ ಕಟ್ಟುತ್ತೆ. ಫ್ಯಾಕ್ಟರಿಗಳಲ್ಲಿ ಪ್ಯಾಸಿವೇಶನ್ ಅಂತ ಮಾಡೋದು ಇದನ್ನೇ. ಮರದ ಹಿಡಿ ಹಾಕಿಯಾಗಿದ್ರೆ ಚಾಕುವನ್ನ ಮುಳುಗಿಸ್ಬೇಡಿ, ಹತ್ತಿ ನೆನೆಸಿ ಗುರುತಿನ ಮೇಲೆ ಮಾತ್ರ ಇಡಿ. ಗುರುತು ಸ್ವಲ್ಪ ತಿಳಿಯಾಗಬಹುದು, ಆಕ್ಸೈಡ್‌ನ ಕೂಡ ಆಸಿಡ್ ಸ್ವಲ್ಪ ತಿನ್ನುತ್ತಲ್ಲ. ಮತ್ತೆ ಇದು ಸ್ಟೇನ್‌ಲೆಸ್‌ಗೆ ಮಾತ್ರ, ಕಾರ್ಬನ್ ಸ್ಟೀಲ್ ಮೇಲೆ ಹಾಕಿದ್ರೆ ಬ್ಲೇಡನ್ನೇ ತಿನ್ನೋಕೆ ಶುರು ಮಾಡುತ್ತೆ. ಕಾರ್ಬನ್ ಸ್ಟೀಲ್‌ಗೆ ಪೊರೆ ಇಲ್ಲ, ಒಣಗಿಸಿ ಎಣ್ಣೆ ಸವರೋದೇ ದಾರಿ, ಗುರುತು ಇರ್ಲಿ ಬಿಡ್ಲಿ.

ಮಾರ್ಕಿಂಗ್ ಸ್ಪ್ರೇ ಬಗ್ಗೆ ಕೇಳಿರ್ತೀರ. ಹೆಚ್ಚಿನವುಗಳಲ್ಲಿ ಇರೋದು ಮಾಲಿಬ್ಡಿನಂ ಸೇರಿದ ಪುಡಿ, ಲೇಸರ್ ಬಿಸಿಗೆ ಉಕ್ಕಿನ ಮೇಲೆ ಅಂಟಿ ಕೂರುತ್ತೆ, ಸ್ಟೇನ್‌ಲೆಸ್ ಮೇಲೆ ಗಟ್ಟಿ ಕಪ್ಪು ಬರುತ್ತೆ. ಬ್ಲೇಡನ್ನ ಸ್ಪಿರಿಟಲ್ಲಿ ಒರೆಸಿ, ತೆಳ್ಳಗೆ ಒಂದೇ ಸಮ ಹೊಡೆದು, ಪೂರ್ತಿ ಒಣಗೋಕೆ ಬಿಟ್ಟು ಆಮೇಲೆ ಲೇಸರ್. ಸ್ಪ್ರೇ ಹೊಡೆಯುವಾಗ, ಲೇಸರ್ ಬೀಳುವಾಗ, ಎರಡು ಸಲಾನೂ ಗಾಳಿ ಹೊರಗೆ ಹೋಗೋ ವ್ಯವಸ್ಥೆ ಬೇಕು. ಸ್ಪ್ರೇ ಬದಲು ಸಾಸಿವೆ ಪೇಸ್ಟ್ ಸವರಿ ಹೊಡೆಯೋ ಒಂದು ಉಪಾಯ ಓಡಾಡ್ತಿದೆ, ಗುರುತು ಬೀಳುತ್ತೆ, ಆದ್ರೆ ಅದರಲ್ಲಿ ವಿನೆಗರ್ ಇದೆ, ಉಪ್ಪು ಇದೆ, ಬಿಸಿ ಉಕ್ಕಿನ ಮೇಲೆ ಆ ಎರಡನ್ನ ಬೇಯಿಸಿ ಆಮೇಲೆ ತುಕ್ಕು ಯಾಕೆ ಬಂತು ಅಂತ ಕೇಳೋ ಹಾಗಿಲ್ಲ. ಒಳ್ಳೆ ಚಾಕುಗೆ ಬೇಡ. ನಾನ್‌ಸ್ಟಿಕ್ ಕೋಟಿಂಗ್ ಇರೋ ಬಣ್ಣದ ಅಡುಗೆ ಚಾಕುಗಳ ಮೇಲಂತೂ ಯಾವತ್ತೂ ಲೇಸರ್ ಹೊಡೀಬೇಡಿ, ಆ ಕೋಟಿಂಗ್ ಸುಟ್ಟಾಗ ಬರೋ ಹೊಗೆ ವಿಷ.

ನಿಮ್ಮ ಹತ್ರ ಇರೋ ಮೆಷಿನ್‌ಗೆ, ಕೈಯಲ್ಲಿ ಮಾಡಿದ ಚಾಕುಗೆ, ನಾನು ಮನಸಾರೆ ಹೇಳೋ ದಾರಿ ಬೇರೆ: ಲೇಸರಿಂದ ಉಕ್ಕನ್ನ ಮುಟ್ಟಲೇಬೇಡಿ, ಅದರಿಂದ ಸ್ಟೆನ್ಸಿಲ್ ಮಾತ್ರ ಮಾಡಿ, ಗುರುತನ್ನ ಕರೆಂಟಿಂದ ಹಾಕಿ. ಬ್ಲೇಡಿಗೆ ಸಾಮಾನ್ಯ ಸ್ಪ್ರೇ ಪೇಂಟ್ ತೆಳ್ಳಗೆ ಹೊಡೆದು ಒಣಗಿಸಿ. ಡಯೋಡ್ ಲೇಸರ್ ಕಮ್ಮಿ ಪವರಲ್ಲಿ, ಜೋರು ಸ್ಪೀಡಲ್ಲಿ ಅಕ್ಷರದ ಜಾಗದ ಪೇಂಟನ್ನ ಮಾತ್ರ ಸುಟ್ಟು ತೆಗೀಲಿ, ಕೆಳಗೆ ಹೊಳೆಯೋ ಉಕ್ಕು ಕಾಣುತ್ತೆ. ಅಕ್ಷರದ ಮೂಲೆಗಳಲ್ಲಿ ಸುಟ್ಟ ಪೇಂಟಿನ ಪುಡಿ ಕೂತಿರುತ್ತೆ, ಸ್ಪಿರಿಟ್ ಮುಟ್ಟಿಸಿದ ಕಿವಿ ಬಡ್‌ನಿಂದ ಹಗುರವಾಗಿ ತೆಗೀರಿ, ಇದು ಬಿಟ್ರೆ ಅಕ್ಷರದ ಅಂಚು ಹರಿದಂಗೆ ಬರುತ್ತೆ. ಆಮೇಲೆ 9 ವೋಲ್ಟ್ ಬ್ಯಾಟರಿ, ಅದರ ಪ್ಲಸ್ ತುದಿ ಬ್ಲೇಡಿಗೆ ಕ್ಲಿಪ್ ಮಾಡಿ, ಮೈನಸ್ ತುದಿಗೆ ಕಟ್ಟಿದ ಹತ್ತಿಯನ್ನ ಉಪ್ಪು ನೀರಲ್ಲಿ ನೆನೆಸಿ ಅಕ್ಷರದ ಮೇಲೆ ಕೆಲವು ಸೆಕೆಂಡ್ ಒತ್ತಿ ಹಿಡೀರಿ, ಎತ್ತಿ, ಮತ್ತೆ ಒತ್ತಿ. ಸುಯ್ ಅಂತ ಸಣ್ಣ ಸದ್ದು, ಗುಳ್ಳೆ, ಹತ್ತಿ ಕಪ್ಪಾಗ್ತಾ ಹೋಗುತ್ತೆ. ಹತ್ತಿ ಕೊಳೆಯಾದಾಗಲೆಲ್ಲ ಬದಲಾಯಿಸಿ, ನೀರು ಜಾಸ್ತಿ ಸುರೀಬೇಡಿ, ಇಲ್ಲಾಂದ್ರೆ ಪೇಂಟಿನ ಅಂಚಿನ ಕೆಳಗೆ ನುಗ್ಗುತ್ತೆ. ಒಂದೆರಡು ನಿಮಿಷದಲ್ಲಿ ಉಗುರಿಗೆ ಸಿಗೋ ಆಳ ಬಂದಿರುತ್ತೆ.

ಇದರಲ್ಲಿ ಉಕ್ಕಿಗೆ ಬಿಸೀನೇ ಇಲ್ಲ ಅನ್ನೋ ಹಾಗೆ, ಹದದ ಪ್ರಶ್ನೆ ಅಲ್ಲಿಗೇ ಮುಗೀತು. ಕಾರ್ಬನ್ ಸ್ಟೀಲು, ಸ್ಟೇನ್‌ಲೆಸ್ ಎರಡಕ್ಕೂ ಆಗುತ್ತೆ. ಅಪಾಯ ಇಲ್ಲ ಅಂತಲ್ಲ. ಉಪ್ಪು ನೀರು ಅಂದ್ಮೇಲೆ ಸ್ವಲ್ಪ ಕ್ಲೋರಿನ್ ಬರಬಹುದು, ಸ್ಟೇನ್‌ಲೆಸ್ ಆದ್ರೆ ಆ ಕೊಳೆ ನೀರಲ್ಲಿ ಕ್ರೋಮಿಯಂ ಇರುತ್ತೆ, ಕೆಲವು ಉಕ್ಕಲ್ಲಿ ನಿಕ್ಕಲ್ ಕೂಡ, ಅದಕ್ಕೆ ಗ್ಲೌಸ್ ಹಾಕ್ಕೊಳ್ಳಿ, ಕಿಟಕಿ ತೆಗೆದಿಡಿ, ಆ ಹತ್ತೀನ ಅಡುಗೆಮನೆ ಸಿಂಕಲ್ಲಿ ಹಿಂಡ್ಬೇಡಿ. ಗೋಡೆ ಪ್ಲಗ್‌ನಿಂದ ನೇರವಾಗಿ ವೈರ್ ಎಳೆಯೋ ಯೋಚನೆ ಕನಸಲ್ಲೂ ಬೇಡ, ಪ್ರಾಣ ಹೋಗುತ್ತೆ. ಮುಗಿದ ಮೇಲೆ ಅಡುಗೆ ಸೋಡಾ ಕರಗಿಸಿದ ನೀರಲ್ಲಿ ತೊಳೆದು, ತಿನ್ನರಲ್ಲಿ ಪೇಂಟ್ ತೆಗೆದು, ಒಣಗಿಸಿ ಎಣ್ಣೆ ಸವರಿ. ಉಪ್ಪು ಉಳಿದ್ರೆ ಇಲ್ಲೂ ತುಕ್ಕು ಬರುತ್ತೆ.

ಒಂದು ಮಾತು: ಸ್ಟೆನ್ಸಿಲ್‌ಗೆ ಅಂತ ವಿನೈಲ್ ಸ್ಟಿಕ್ಕರ್ ಅಂಟಿಸಿ ಅದನ್ನ ಲೇಸರಲ್ಲಿ ಕತ್ತರಿಸೋರಿದಾರೆ. ವಿನೈಲ್ ಅಂದ್ರೆ ಪಿವಿಸಿ, ಸುಟ್ರೆ ಹೈಡ್ರೋಜನ್ ಕ್ಲೋರೈಡ್ ಬರುತ್ತೆ, ತೇವ ಸಿಕ್ಕ ತಕ್ಷಣ ಅದು ಆಸಿಡ್. ನಿಮ್ಮ ಶ್ವಾಸಕೋಶದ ಜೊತೆ ಮೆಷಿನ್‌ನ ರೈಲು, ಬೇರಿಂಗು ಎಲ್ಲಾ ತಿಂದು ಹಾಕುತ್ತೆ. ಪೇಂಟ್ ಇಲ್ಲಾಂದ್ರೆ ಪೇಪರ್ ಮಾಸ್ಕಿಂಗ್ ಟೇಪ್ ಅಷ್ಟೇ.

ಕಣ್ಣಿನ ವಿಷಯ. ಅರ್ಧ ವ್ಯಾಟ್ ದಾಟಿದ ಲೇಸರ್ ಎಲ್ಲಾ ಕ್ಲಾಸ್ 4, ಅಂದ್ರೆ ಅತಿ ಅಪಾಯದ ವರ್ಗ, ನಿಮ್ಮದು 10 ವ್ಯಾಟ್. ಮರ, ಚರ್ಮದ ಮೇಲೆ ಬೆಳಕು ಚದುರುತ್ತೆ, ಅದೂ ಈ ಪವರಲ್ಲಿ ಹತ್ರದಿಂದ ನೋಡೋ ಹಂಗಿಲ್ಲ, ಆದ್ರೆ ಪಾಲಿಶ್ ಮಾಡಿದ ಬ್ಲೇಡ್ ಅಂದ್ರೆ ಕನ್ನಡಿ. ಅದೂ ಸಪಾಟು ಕನ್ನಡಿ ಅಲ್ಲ, ಅಂಚಿನ ಕಡೆ ಇಳಿಜಾರು, ಬೆನ್ನಿನ ಹತ್ರ ಉಬ್ಬು, ಹಾಗಾಗಿ ಮೆಷಿನ್‌ನ ಲೇಸರ್ ತಲೆ ಚಲಿಸ್ತಾ ಹೋದಂಗೆ ಬೆಳಕು ಯಾವ ಕಡೆಗೆ ಹಾರುತ್ತೆ ಅಂತ ಮೊದಲೇ ಹೇಳೋಕಾಗಲ್ಲ. ಕಣ್ಣು ಮಿಟುಕಿಸೋಕೆ ಸುಮಾರು ಕಾಲು ಸೆಕೆಂಡ್ ಬೇಕು, ಈ ಪವರಲ್ಲಿ ಅಕ್ಷಿಪಟಲ ಸುಡೋಕೆ ಅಷ್ಟು ಹೊತ್ತು ಬೇಡ. ಸುಟ್ಟ ಜಾಗದ ದೃಷ್ಟಿ ವಾಪಸ್ ಬರಲ್ಲ, ಇದಕ್ಕೆ ಔಷಧಿ ಇಲ್ಲ.

ಫ್ರೀ ಬಂದ ಕನ್ನಡಕದ ಬಣ್ಣ ನೋಡಿ ನಂಬ್ಬೇಡಿ, ಬಣ್ಣ ಏನೂ ಹೇಳಲ್ಲ. ಗಾಜಿನ ಮೇಲೋ ಫ್ರೇಮ್ ಮೇಲೋ ಎರಡು ವಿಷಯ ಬರೆದಿರ್ಬೇಕು, ಯಾವ ತರಂಗಾಂತರಕ್ಕೆ ಅಂತ ಒಂದು, ಎಷ್ಟು ಓಡಿ (OD, ಬೆಳಕನ್ನ ಎಷ್ಟು ತಡೆಯುತ್ತೆ ಅನ್ನೋ ಅಳತೆ) ಅಂತ ಇನ್ನೊಂದು. ಡಯೋಡ್ ಮೆಷಿನ್‌ಗಳ ನೀಲಿ ಬೆಳಕು 450 ನ್ಯಾನೋಮೀಟರ್ ಆಸುಪಾಸು, ಆ ಸಂಖ್ಯೆ ಕನ್ನಡಕದ ವ್ಯಾಪ್ತಿ ಒಳಗೆ ಇರ್ಬೇಕು. ಓಡಿ 4 ಅಂದ್ರೆ ಹತ್ತು ಸಾವಿರದಲ್ಲಿ ಒಂದು ಪಾಲು ಬೆಳಕು ಒಳಗೆ ಬರುತ್ತೆ, ಓಡಿ 6 ಅಂದ್ರೆ ಹತ್ತು ಲಕ್ಷದಲ್ಲಿ ಒಂದು. 10 ವ್ಯಾಟ್ ನೇರ ಬಡಿದ್ರೆ ಓಡಿ 4ರಲ್ಲಿ 1 ಮಿಲಿವ್ಯಾಟ್ ಕಣ್ಣಿಗೆ ಸೇರುತ್ತೆ, ನಾನು ಲೋಹದ ಕೆಲಸಕ್ಕೆ ಓಡಿ 4ಕ್ಕಿಂತ ಕೆಳಗೆ ಇಳಿಯಲ್ಲ. ಏನೂ ಬರೆದಿಲ್ಲ ಅಂದ್ರೆ ಅದು ಬಣ್ಣದ ಪ್ಲಾಸ್ಟಿಕ್. ಆದ್ರೆ ಕನ್ನಡಕ ಕಾಪಾಡೋದು ನಿಮ್ಮೊಬ್ರನ್ನ, ಬಾಗಿಲಲ್ಲಿ ಬಂದು ನಿಲ್ಲೋ ಮಗುವನ್ನಲ್ಲ. ಅದಕ್ಕೇ ಚಾಕು ಕೆಲಸ ಮಾಡೋದಾದ್ರೆ ಸುತ್ತ ಮುಚ್ಚಿದ ಡಬ್ಬ ಮಾಡಿಸ್ಕೊಳ್ಳಿ, ಬಾಗಿಲು ತೆಗೆದ್ರೆ ಲೇಸರ್ ತಾನಾಗೇ ಆರಿಹೋಗೋ ಸ್ವಿಚ್ ಇರೋದು, ನೋಡೋಕೆ ಕಿಟಕಿ ಬೇಕಂದ್ರೆ 450ಕ್ಕೆ ಅಂತಲೇ ಮಾಡಿದ ಹಾಳೆ. ಮೇಲೆ ಹೇಳಿದ ಪೇಂಟ್ ವಿಧಾನಕ್ಕೆ ಇಲ್ಲೂ ಲಾಭ ಇದೆ, ಮ್ಯಾಟ್ ಪೇಂಟ್ ಬೆಳಕನ್ನ ನುಂಗುತ್ತೆ, ಪ್ರತಿಫಲನ ತುಂಬಾ ಕಮ್ಮಿ. ಬೆಳಕು ಸೀದಾ ವಾಪಸ್ ಹೋಗಿ ಡಯೋಡ್‌ಗೆ ಬಡಿದ್ರೆ ಮೆಷಿನ್‌ಗೂ ಒಳ್ಳೇದಲ್ಲ.

ಇನ್ನು ಚರ್ಮ. ಒಂದು ತುಂಡು ನೀಟಾಗಿ ಕಟ್ ಆಗಿ ಇನ್ನೊಂದು ಸುರುಟಿಕೊಳ್ಳೋಕೆ ನಿಮ್ಮ ಸೆಟ್ಟಿಂಗ್ ಕಾರಣ ಅಲ್ಲ, ಅವೆರಡೂ ಬೇರೆ ಬೇರೆ ವಸ್ತುಗಳು. ಚರ್ಮ ಅಂತ ಮಾರೋದ್ರಲ್ಲಿ ಮೂರು ಜಾತಿ. ಮರದ ತೊಗಟೆ, ಕಾಯಿಗಳ ಒಗರಲ್ಲಿ ಹದ ಮಾಡಿದ ಚರ್ಮ, ಇದಕ್ಕೆ ವೆಜ್ ಟ್ಯಾನ್ ಅಂತಾರೆ. ಕ್ರೋಮಿಯಂ ಲವಣದಲ್ಲಿ ಹದ ಮಾಡಿದ್ದು ಕ್ರೋಮ್ ಟ್ಯಾನ್, ಪ್ರಪಂಚದಲ್ಲಿ ತಯಾರಾಗೋ ಚರ್ಮದಲ್ಲಿ ದೊಡ್ಡ ಪಾಲು ಇದೇ, ಬ್ಯಾಗು, ಜಾಕೆಟ್, ಸೋಫಾ. ಮೂರನೇದು ಚರ್ಮಾನೇ ಅಲ್ಲ, ಬಟ್ಟೆ ಮೇಲೆ ಪ್ಲಾಸ್ಟಿಕ್, ಪಿವಿಸಿ ಇಲ್ಲಾ ಪಿಯು, ನಾವು ರೆಕ್ಸಿನ್ ಅನ್ನೋದು.

ಲೇಸರ್‌ಗೆ ಆಗೋದು ವೆಜ್ ಟ್ಯಾನ್. ಅದರ ಹೊಗೇಲಿ ಚರ್ಮದ ಪ್ರೋಟೀನ್ ಸುಟ್ಟ ವಾಸನೆ ಇದ್ದೇ ಇರುತ್ತೆ, ಅದನ್ನೂ ಉಸಿರಾಡೋ ಹಾಗಿಲ್ಲ, ಆದ್ರೆ ಹೊರಗೆ ಕಳಿಸಿದ್ರೆ ನಿಭಾಯಿಸಬಹುದು. ಕ್ರೋಮ್ ಚರ್ಮದಲ್ಲಿರೋದು ಕ್ರೋಮಿಯಂ 3 ಅನ್ನೋ ರೂಪ, ಮುಟ್ಟಿದ್ರೆ, ಹಾಕ್ಕೊಂಡ್ರೆ ಅಂಥಾ ತೊಂದ್ರೆ ಇಲ್ಲ. ಗಾಳೀಲಿ ಸುಟ್ಟಾಗ ಅದರ ಒಂದು ಭಾಗ ಕ್ರೋಮಿಯಂ 6 ಅನ್ನೋ ರೂಪಕ್ಕೆ ತಿರುಗಬಹುದು, ಅದು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತೆ ಅಂತ ಖಚಿತವಾಗಿ ಪಟ್ಟಿ ಮಾಡಿರೋ ವಸ್ತು. ಹೊಗೇಲೂ ಇರಬಹುದು, ಕೆಳಗೆ ಉಳಿಯೋ ಬೂದೀಲೂ ಇರಬಹುದು, ಆ ಬೂದೀನ ಬಾಯಲ್ಲಿ ಊದಿ ಹಾರಿಸೋರನ್ನ ನೋಡಿದಾಗ ನಂಗೆ ಎದೆ ಝಲ್ ಅನ್ನುತ್ತೆ. ಪಿವಿಸಿ ರೆಕ್ಸಿನ್ ಬಗ್ಗೆ ಆಗ್ಲೇ ಹೇಳ್ದೆ. ಪಿಯು ಸುಟ್ರೆ ಹೈಡ್ರೋಜನ್ ಸಯನೈಡ್, ಐಸೋಸಯನೇಟ್ ಥರದ್ದು ಬರುತ್ತೆ, ಎರಡನೇದು ಆಸ್ತಮಾ ಹತ್ತಿಸುತ್ತೆ. ಮನೆಯವರ ಗಂಟಲು ಕೆರೆತಕ್ಕೆ ಇವುಗಳಲ್ಲಿ ಯಾವುದು ಕಾರಣ ಅಂತ ದೂರದಿಂದ ಹೇಳೋಕಾಗಲ್ಲ, ಆದ್ರೆ ಆ ಸುರುಟಿಕೊಳ್ಳೋ ತುಂಡನ್ನ ಇವತ್ತೇ ಪಕ್ಕಕ್ಕಿಡಿ, ಕೆರೆತ ನಿಲ್ಲದಿದ್ರೆ ಡಾಕ್ಟರಿಗೆ ತೋರಿಸಿ, ಏನು ಸುಡ್ತಿದ್ವಿ ಅಂತಾನೂ ಹೇಳಿ.

ಗುರುತು ಹಿಡಿಯೋದು ಕಷ್ಟ ಇಲ್ಲ. ಮೊದ್ಲು ಕತ್ತರಿಸಿದ ಅಂಚನ್ನ ಬೆಳಕಲ್ಲಿ ನೋಡಿ. ವೆಜ್ ಟ್ಯಾನ್ ಒಳಗೂ ಕಂದು ಬಣ್ಣಾನೇ, ಕ್ರೋಮ್ ಚರ್ಮದ ನಡುವಲ್ಲಿ ಸಾಮಾನ್ಯವಾಗಿ ತಿಳಿ ನೀಲಿ ಬೂದಿಯ ಗೆರೆ ಕಾಣುತ್ತೆ, ಆದ್ರೆ ಒಳತನಕ ಬಣ್ಣ ಹಾಕಿದ್ರೆ ಇದು ಮುಚ್ಚಿಹೋಗುತ್ತೆ. ಆಗ ಬೆರಳಗಲದ ಒಂದು ಪಟ್ಟಿ ಕತ್ತರಿಸಿ ಕುದಿಯೋ ನೀರಿಗೆ ಹಾಕಿ. ವೆಜ್ ಟ್ಯಾನ್ ಅರ್ಧ ನಿಮಿಷದಲ್ಲೇ ಮುದುರಿ, ಚಿಕ್ಕದಾಗಿ, ಒಣಗಿದ ಮೇಲೆ ಕಟ್ಟಿಗೆ ಥರ ಆಗುತ್ತೆ. ಕ್ರೋಮ್ ಚರ್ಮ ಹೆಚ್ಚುಕಮ್ಮಿ ಹಾಕಿದ ಹಾಗೇ ಹೊರಗೆ ಬರುತ್ತೆ, ಕುದಿಯೋ ನೀರನ್ನ ತಡೆಯೋ ಶಕ್ತಿ ಅದಕ್ಕಿದೆ. ತಮಾಷೆ ಅಂದ್ರೆ ಲೇಸರ್ ಕೆಳಗೆ ಕ್ರೋಮ್ ಸುರುಟಿಕೊಳ್ಳುತ್ತೆ, ನೀರಲ್ಲಿ ವೆಜ್ ಟ್ಯಾನ್, ಅದಕ್ಕೇ ಜನ ಉಲ್ಟಾ ತಿಳ್ಕೊಂಡುಬಿಡ್ತಾರೆ. ರೆಕ್ಸಿನ್ ಅನುಮಾನ ಇದ್ರೆ ತಾಮ್ರದ ತಂತಿ ಕೆಂಪಗೆ ಕಾಯಿಸಿ, ತುಂಡಿಗೆ ಒತ್ತಿ, ಅಂಟಿದ್ದನ್ನ ಮತ್ತೆ ಗ್ಯಾಸ್ ಜ್ವಾಲೆಗೆ ಹಿಡೀರಿ, ಜ್ವಾಲೆ ಹಸಿರಾದ್ರೆ ಕ್ಲೋರಿನ್ ಇದೆ ಅಂತ, ಲೇಸರ್ ಹತ್ರ ತರ್ಬೇಡಿ. ಈ ಪರೀಕ್ಷೆ ಮಾಡೋದು ಬಯಲಲ್ಲಿ, ಚಿಟಿಕೆಯಷ್ಟು ಚೂರಿನ ಮೇಲೆ.

ವೆಜ್ ಟ್ಯಾನ್ ಅಂತ ಖಾತ್ರಿ ಆದ್ಮೇಲೆ ಕತ್ತರಿಸೋದು ಸುಲಭ. ನಿಧಾನಕ್ಕೆ ಒಂದೇ ಪಾಸಲ್ಲಿ ಕೊರೆಯೋ ಬದಲು ಜೋರಾಗಿ ಹಲವು ಪಾಸ್ ಕೊಡಿ, ಪಕ್ಕಕ್ಕೆ ಬಿಸಿ ಹರಡಲ್ಲ, ಅಂಚು ಕಮ್ಮಿ ಸುಡುತ್ತೆ. ಒದ್ದೆ ಸ್ಪಂಜಲ್ಲಿ ಸ್ವಲ್ಪ ತೇವ ಮಾಡಿ, ಮೇಲೆ ಪೇಪರ್ ಮಾಸ್ಕಿಂಗ್ ಟೇಪ್ ಅಂಟಿಸಿ, ಮಸಿ ಟೇಪ್ ಮೇಲೆ ಕೂರುತ್ತೆ, ಚರ್ಮಕ್ಕಲ್ಲ. ಏರ್ ಅಸಿಸ್ಟ್ (ಲೇಸರ್ ಬೀಳೋ ಜಾಗಕ್ಕೆ ಗಾಳಿ ಊದೋ ವ್ಯವಸ್ಥೆ) ಇದ್ರೆ ಹಾಕಿ, ಹೊಗೆ ಲೆನ್ಸ್ ಮೇಲೆ ಕೂರಲ್ಲ, ಬೆಂಕಿ ಹತ್ತೋದೂ ಕಮ್ಮಿ. ಚರ್ಮ ಬಿಸಿಗೆ ಏಳುತ್ತೆ, ಫೋಕಸ್ ತಪ್ಪುತ್ತೆ, ಅದಕ್ಕೆ ನಾಲ್ಕೂ ಕಡೆ ಆಯಸ್ಕಾಂತ ಇಟ್ಟು ಸಪಾಟು ಮಾಡಿ. 10 ವ್ಯಾಟಲ್ಲಿ 2ರಿಂದ 3 ಮಿಲಿಮೀಟರ್ ಕತ್ತರಿಸಬಹುದು, ಅದಕ್ಕಿಂತ ದಪ್ಪಕ್ಕೆ ಕೈ ಕತ್ತಿಯೇ ಚೆಂದ. ಹೊಗೆಯನ್ನ ಪೈಪಲ್ಲಿ ಹೊರಗೇ ಬಿಡ್ಬೇಕು, ಕಿಟಕಿ ತೆಗೆದು ಫ್ಯಾನ್ ಹಾಕಿದ್ರೆ ಅದು ಕೋಣೆಯೊಳಗೇ ತಿರುಗುತ್ತೆ ಅಷ್ಟೇ. ಬಟ್ಟೆ ಮಾಸ್ಕ್ ಅನಿಲ ತಡೆಯಲ್ಲ. ಮೆಷಿನ್ ಬಿಟ್ಟು ಫೋನ್ ಮಾಡೋಕೆ ಅಂತ ಆಚೆ ಹೋಗ್ಬೇಡಿ, ಹತ್ರ ಒಂದು ಅಗ್ನಿಶಾಮಕ ಸಿಲಿಂಡರ್ ಇರ್ಲಿ.

ಒರೆ ಅಂದ್ರಿ, ಅದಕ್ಕೆ ಅಂತ ಒಂದೆರಡು. ಲೇಸರಲ್ಲಿ ಆಕಾರ ಕತ್ತರಿಸಿ, ಹೊಲಿಗೆ ತೂತು ಮಾತ್ರ ಮಾಡ್ಬೇಡಿ. ತೂತಿನ ಸುತ್ತ ಚರ್ಮ ಸುಟ್ಟು ಬಿರುಸಾಗುತ್ತೆ, ಸಾಲಾಗಿ ಅಂಥಾ ತೂತುಗಳಿದ್ರೆ ದಾರ ಎಳೆದಾಗ ಅಂಚೆಚೀಟಿ ಹರಿದ ಹಾಗೆ ಹರಿಯುತ್ತೆ, ಒಳಗಿರೋದು ಹರಿತವಾದ ಚಾಕು. ಲೇಸರಲ್ಲಿ ತೂತಿನ ಜಾಗ ಚುಕ್ಕೆ ಗುರುತು ಮಾಡಿ, ತೂತನ್ನ ದಬ್ಬಳದಲ್ಲಿ ಹಾಕಿ. ಅಂಟು ಹಾಕೋ ಅಂಚನ್ನ ಉಪ್ಪುಕಾಗದದಲ್ಲಿ ಉಜ್ಜಿ ಮಸಿ ತೆಗೀರಿ, ಮಸಿ ಮೇಲೆ ಅಂಟು ಹಿಡಿಯಲ್ಲ, ಬಣ್ಣಾನೂ ಹಿಡಿಯಲ್ಲ. ಮತ್ತೆ ವೆಜ್ ಟ್ಯಾನ್ ಚರ್ಮದಲ್ಲಿರೋ ಒಗರು, ಜೊತೆಗೆ ಅದು ಹಿಡಿದಿಡೋ ತೇವ, ಕಾರ್ಬನ್ ಸ್ಟೀಲ್‌ಗೆ ಆಗಲ್ಲ, ಚಾಕುವನ್ನ ತಿಂಗಳುಗಟ್ಟಲೆ ಒರೇಲೇ ಇಡ್ಬೇಡಿ ಅಂತ ತಗೊಳ್ಳೋರಿಗೂ ಹೇಳಿ.

ಫೈಬರ್ ಲೇಸರ್ ತಗೊಂಡ್ರೆ ಎಲ್ಲಾ ಸರಿಹೋಗುತ್ತಾ? ಉಕ್ಕಿಗೆ ಹೌದು, ಚರ್ಮಕ್ಕೆ ಇಲ್ಲ. ಫೈಬರ್ ಬೆಳಕು 1064 ನ್ಯಾನೋಮೀಟರ್, ಸರಾಸರಿ 20 ವ್ಯಾಟೇ ಆದ್ರೂ ಅದು ನ್ಯಾನೋಸೆಕೆಂಡ್ ಲೆಕ್ಕದ ಸಣ್ಣ ಸಣ್ಣ ಹೊಡೆತಗಳಲ್ಲಿ ಬರುತ್ತೆ, ಆ ಕ್ಷಣದ ಪವರ್ ಸಾವಿರಾರು ವ್ಯಾಟ್, ಅದಕ್ಕೇ ಅದು ಉಕ್ಕನ್ನ ನಿಜವಾಗ್ಲೂ ಕೊರೆಯುತ್ತೆ. ಆದ್ರೆ ಚರ್ಮ ಕತ್ತರಿಸೋ ಮೆಷಿನ್ ಅಲ್ಲ ಅದು, ಕೆಲಸ ಮಾಡೋ ಜಾಗಾನೂ ಚಿಕ್ಕದು. ಚರ್ಮಕ್ಕೆ ಅತ್ಯುತ್ತಮ ಸಿಓ2 ಲೇಸರ್, 10,600 ನ್ಯಾನೋಮೀಟರ್, ಅದು 3 ಮಿಲಿಮೀಟರ್ ವೆಜ್ ಟ್ಯಾನನ್ನ ಚೆನ್ನಾಗಿ ಕತ್ತರಿಸುತ್ತೆ, ಆದ್ರೆ ಬರೀ ಉಕ್ಕಿನ ಮೇಲೆ ಹೊಡೆದ್ರೆ ಬೆಳಕು ಬಹುಪಾಲು ವಾಪಸ್ ಹೋಗುತ್ತೆ. ಎರಡನ್ನೂ ಚೆನ್ನಾಗಿ ಮಾಡೋ ಒಂದೇ ಬಗೆಯ ಲೇಸರ್ ಇಲ್ಲ. ಫೈಬರ್ ಬೆಳಕು ಕಣ್ಣಿಗೆ ಕಾಣಲ್ಲ, ಅಕ್ಷಿಪಟಲಕ್ಕೆ ಮಾತ್ರ ಸೀದಾ ಹೋಗುತ್ತೆ, ನಿಮ್ಮ 450ರ ಕನ್ನಡಕ ಅಲ್ಲಿ ನಡೆಯಲ್ಲ. ಕೊರೆದಾಗ ಏಳೋ ಲೋಹದ ದೂಳಿಗೂ ಫಿಲ್ಟರ್ ಬೇಕು. ತಿಂಗಳಿಗೆ ಬೆರಳೆಣಿಕೆಯಷ್ಟು ಚಾಕು ಆದ್ರೆ ಇರೋ ಡಯೋಡ್, ಪೇಂಟು, ಬ್ಯಾಟರಿ ಸಾಕು. ಆಳವಾದ ಲೋಗೋ ಬೇಕು ಅಂದ ಒಂದೆರಡನ್ನ ಫೈಬರ್ ಇರೋರಿಗೆ ಕೊಟ್ಟು ಮಾಡಿಸಿ.

ಸ್ನೇಹಿತರ ನಿಜವಾದ ಬ್ಲೇಡ್ ಮುಟ್ಟೋ ಮುಂಚೆ ಅದೇ ಉಕ್ಕಿನ, ಅದೇ ಹದ ಕೊಟ್ಟ ಒಂದು ವೇಸ್ಟ್ ತುಂಡು ಕೇಳಿ ತಗೊಳ್ಳಿ. ಒಂದು ಕಡೆ ನೇರ ಲೇಸರ್ ಗುರುತು, ಪಕ್ಕದಲ್ಲಿ ಅದೇ ಗುರುತು ಹಾಕಿ ಸಿಟ್ರಿಕ್ ಹಾಕಿದ್ದು, ಮೂರನೇದು ಬ್ಯಾಟರೀದು. ಕಾರ್ಬನ್ ಸ್ಟೀಲ್ ಆದ್ರೆ ಸಿಟ್ರಿಕ್ ಬಿಟ್ಟು ಎಣ್ಣೆ ಸವರಿದ್ದು. ಉಪ್ಪು ನೀರಲ್ಲಿ ಹಿಂಡಿದ ಬಟ್ಟೇನ ಮೂರರ ಮೇಲೂ ಸುತ್ತಿ ರಾತ್ರಿಯೆಲ್ಲಾ ಬಿಟ್ಟು ಬೆಳಿಗ್ಗೆ ಬಿಚ್ಚಿ ನೋಡಿ, ಯಾವುದರಲ್ಲಿ ಕಂದು ಬಂದಿಲ್ವೋ ಆ ವಿಧಾನದಲ್ಲೇ ಅವರ ಚಾಕುಗೆ ಹಾಕಿ, ಆ ತುಂಡನ್ನ ಅವರಿಗೂ ತೋರಿಸಿ.